ಸರೋಜಾ ಕೇಳಿದ ಪ್ರಶ್ನೆ

ಮೇಷ್ಟ್ರು ಪಾಠ ಮುಗಿಸಿ "ತಿಳೀತಾ?" ಎಂದರೆ ತಲೆಯಾಡಿಸುವುದು ನಮ್ಮ ಕಡೆಯ ಮಕ್ಕಳಿಗೆ ಮರ್ಯಾದೆ. ಹರಿಹರದ ಹತ್ತಿರದ ಸಾರಥಿ ಎಂಬ ಹಳ್ಳಿಯ ರೈತ ಮಾರಣ್ಣನ ಮಗಳು ಸರೋಜಾ, ಕನ್ನಡ ಶಾಲೆಯಲ್ಲಿ ಓದಿ ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜು ಸೇರಿದವಳು, ಎರಡು ತಿಂಗಳು ಇಂಗ್ಲಿಷ್ ಪಾಠಕ್ಕೂ ಹಾಗೇ ತಲೆಯಾಡಿಸಿದಳು. ಸೂತ್ರಗಳನ್ನು ಮಂತ್ರದಂತೆ ಬಾಯಿಪಾಠ ಮಾಡಿದಳು. ಮೊದಲ ಟೆಸ್ಟಿನಲ್ಲಿ ಐವತ್ತಕ್ಕೆ ಆರು ಬಂತು.

"ಅಪ್ಪಾ, ನನ್ನ ಕೈಲಾಗಲ್ಲ. ಬಂದು ಟಿ.ಸಿ. ಕೊಡಿಸು" ಎಂದು ಫೋನಿನಲ್ಲಿ ಅತ್ತಳು.

ಮರುದಿನ ಮಾರಣ್ಣ ಬಂದ. ಕಾಲೇಜು ಬಿಡುವ ಅರ್ಜಿ ಹಿಡಿದು ಇಬ್ಬರೂ ಕಾಲೇಜಿನ ಮೆಟ್ಟಿಲ ಮೇಲೆ ಕೂತಿದ್ದಾಗ ಕೃತಿಕಾ ಬಂದಳು. ನಿಜಲಿಂಗಪ್ಪ ಬಡಾವಣೆಯವಳು, ಮೂರನೇ ವರ್ಷದ ಹುಡುಗಿ. ಹೊಸಬರಿಗೆ ದಾರಿ ತೋರಲು ಕಾಲೇಜು ನೇಮಿಸಿದ ಮೆಂಟರ್.

"ಸಿಕ್ಕಾಗೆಲ್ಲ ಓದು ಹೆಂಗೈತೆ ಅಂತ ಕೇಳ್ದೆ. ನೀನು ಚೆನ್ನಾಗೈತಕ್ಕ ಅಂದೆ. ನಂಗೂ ತಲೆ ಆಡಿಸಿದ್ಯಲ್ಲೇ ಸರೋಜಾ."



"ಬಿಡವ್ವ, ನಮ್ಮಂಥೋರಿಗೆ ಇದು ಒಗ್ಗಲ್ಲ," ಎಂದ ಮಾರಣ್ಣ. "ಹೊಲದಾಗ ಮೋಟ್ರು ನೋಡ್ಕೊಂಡು ಇರ್ತಾಳೆ. ಸದ್ದು ಕೇಳೇ ಮೂರು ಫೇಸ್ ಕರೆಂಟಿನಾಗ ಒಂದು ಫೇಸ್ ಹೋಗೈತೆ ಅಂತಾಳೆ. ನಂಗೇ ತಿಳಿಯಲ್ಲ."

"ಸದ್ದು ಕೇಳಿ?" ಕೃತಿಕಾ ಬೆರಗಾದಳು. "ನಾನು ಫೇಸ್ ನೋಡಿದ್ದು ಪುಸ್ತಕದಾಗೆ, ಲ್ಯಾಬಿನಾಗೆ. ಬರ್ರಿ ಅಂಕಲ್, ಅರ್ಜಿ ಆಮೇಲೆ ಕೊಡ್ರಂತೆ."

ಎಲೆಕ್ಟ್ರಿಕಲ್ ಲ್ಯಾಬಿನ ಬಾಗಿಲಲ್ಲಿ ಮಾರಣ್ಣ ಗುಡಿಗೆ ಬಂದವನಂತೆ ಚಪ್ಪಲಿ ಬಿಟ್ಟ.

"ಹಾಕ್ಕೊಳ್ರಿ ಅಂಕಲ್. ಈ ದೇವ್ರ ಮುಂದೆ ಬರಿಗಾಲಲ್ಲಿ ನಿಂತ್ರೆ ಶಾಕ್ ಹೊಡೀತೈತೆ."

ಲ್ಯಾಬಿನ ಮೇಷ್ಟ್ರು ಪರಶುರಾಮ್ ಸಣ್ಣ ಮೋಟರೊಂದನ್ನು ಚಾಲೂ ಮಾಡಿದರು. ಪಕ್ಕದ ಪರದೆಯಲ್ಲಿ ಮೂರು ಹಸಿರು ಅಲೆಗಳು ಒಂದರ ಹಿಂದೊಂದು ಸಾಗಿದವು, ತುಂಗಭದ್ರೆಯ ತೆರೆಯಂತೆ. ಮೋಟರು ನಿಲ್ಲಿಸಿ, ಒಂದು ಫೇಸ್ ತೆಗೆದು, ಮತ್ತೆ ಸ್ವಿಚ್ ಒತ್ತಿದರು. ಪರದೆಯಲ್ಲಿ ಒಂದು ಅಲೆ ಇರಲಿಲ್ಲ. ಮೋಟರು ಗುಂಯ್ ಎಂದು ನರಳಿತು, ತಿರುಗಲಿಲ್ಲ.

ಸರೋಜಾ ಮುಂದೆ ಬಾಗಿ ಕಿವಿಗೊಟ್ಟಳು. ಅದು ಅವರ ಹೊಲದ ಸದ್ದು. ತಾನು ಬಾಯಿಪಾಠ ಮಾಡಿದ ಸೂತ್ರ ಈ ಅಲೆಗಳದ್ದೇ.

"ಸರ್," ಎಂದಳು. ಆ ಕಾಲೇಜಿನಲ್ಲಿ ಅದು ಅವಳ ಮೊದಲ ಪ್ರಶ್ನೆ. "ತಿರುಗ್ತಿರೋ ಮೋಟ್ರು ಒಂದು ಫೇಸ್ ಹೋದ್ರೂ ಸ್ವಲ್ಪ ಹೊತ್ತು ತಿರುಗ್ತೈತೆ. ನಿಂತದ್ದು ಮಾತ್ರ ಯಾಕ ಏಳಲ್ಲ?"

ಮೇಷ್ಟ್ರು ಅವಳನ್ನೇ ನೋಡಿದರು. "ಇದನ್ನ ಮುಂದಿನ ವರ್ಷ ಪಾಠ ಮಾಡ್ತೀನಮ್ಮ. ಪಾಠಕ್ಕಿಂತ ಮೊದ್ಲೇ ಇಲ್ಲಿವರೆಗೆ ಯಾರೂ ಕೇಳಿಲ್ಲ."

ಮಾರಣ್ಣ ಪರದೆಗೆ ಕೈ ಮುಗಿದ. "ಇಷ್ಟು ವರ್ಷ ಮೋಟ್ರಿನ ಪಕ್ಕದಾಗೇ ಕೂತು ಬುತ್ತಿ ಉಂಡೆ. ಒಳಗ ಇಂಥದು ಹರೀತೈತೆ ಅಂತ ತಿಳಿದಿರ್ಲಿಲ್ಲ ಕಣವ್ವ."

ಹೊರಗೆ ಬಂದ ಮೇಲೆ ಕೃತಿಕಾ ಹೇಳಿದಳು: "ಅವತ್ತಿನ ಪಾಠ ಅವತ್ತೇ ನಾಲ್ಕು ಸಾಲು ನಿನ್ನ ಮಾತಲ್ಲಿ ಬರಿ, ಕನ್ನಡದಾಗಾದ್ರೂ ಸರಿ. ಬರೆಯಕ್ಕಾಗ್ಲಿಲ್ಲ ಅಂದ್ರೆ ತಿಳಿದಿಲ್ಲ ಅಂತ. ಆ ಪಾಠ ಹಿಡ್ಕೊಂಡು ನನ್ನ ಹತ್ರ ಬಾ, ಟೆಸ್ಟಿಗೆ ಮುಂಚೆ. ತಿಳೀತಾ?"

ಸರೋಜಾ ತಲೆಯಾಡಿಸಲು ಹೋಗಿ ನಿಲ್ಲಿಸಿದಳು.

"ಅರ್ಧ ತಿಳೀತಕ್ಕ."

ಮಾರಣ್ಣ ನಕ್ಕು ಅರ್ಜಿಯನ್ನು ಮಡಚಿ ಜೇಬಿಗಿಟ್ಟ. ಹರಿಹರದ ಬಸ್ಸನ್ನು ಒಬ್ಬನೇ ಹತ್ತಿದ.

ಈ ವರ್ಷ ಎಂಜಿನಿಯರಿಂಗ್ ಸೇರಿದ ಮಕ್ಕಳೇ, ನಿಮ್ಮ ಮೆಂಟರ್ ಯಾರೆಂದು ಮೊದಲ ವಾರವೇ ವಿಚಾರಿಸಿ, ಹೋಗಿ ಮಾತಾಡಿಸಿ. ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನಿ. ತಂದೆ ತಾಯಂದಿರೇ, ಫೋನಿನಲ್ಲಿ ಅಂಕ ವಿಚಾರಿಸುವ ಮುನ್ನ "ಇವತ್ತು ಮೇಷ್ಟ್ರನ್ನ ಏನು ಕೇಳಿದೆ?" ಎಂದು ಕೇಳಿ. ಭಗವಂತ ಇಷ್ಟು ಬೆರಗಿನ ಜಗತ್ತು ಕಟ್ಟಿಟ್ಟಿದ್ದಾನೆ, ಕೇಳಿದವರಿಗೆ ತೋರಿಸುತ್ತಾನೆ.