ಬೆಳಗಿನ ಇಪ್ಪತ್ತು ಯೂನಿಟ್

ಮಂಗಳಗೌರಿ ತುಮಕೂರಿನ ಸದಾಶಿವನಗರದಲ್ಲಿ ಹದಿನೆಂಟು ವರ್ಷ ರವಿಕೆ ಹೊಲಿದವಳು. ಸಕ್ಕರೆ ಕಾಯಿಲೆಯಿಂದ ಮೊದಲು ಎಡಗಣ್ಣು ಹೋಯಿತು. ೧೯೯೯ರ ಹೊತ್ತಿಗೆ ಬಲಗಣ್ಣಿಗೂ ಬಾಗಿಲು ಯಾವುದು, ಗೋಡೆ ಯಾವುದು ಎನ್ನುವಷ್ಟೇ ತಿಳಿಯುತ್ತಿತ್ತು. ಲೇಸರ್ ಮಾಡಿದ ಡಾಕ್ಟರು, "ಉಳಿದಿರೋದನ್ನ ಕಾಪಾಡ್ಕೋಬೇಕು ಅಷ್ಟೇ ಕಣಮ್ಮ, ಹೋಗಿದ್ದು ಬರಲ್ಲ" ಎಂದಿದ್ದರು.

ಅದಕ್ಕೆ ದಿನಾ ಬೆಳಿಗ್ಗೆ ಇಪ್ಪತ್ತು ಯೂನಿಟ್ ಇನ್ಸುಲಿನ್ ಬೇಕು. ಸಿರಿಂಜಿನ ಸಣ್ಣ ಗೆರೆಗಳು ಅವಳಿಗೆ ಕಾಣವು. ಗಂಡ ಚನ್ನವೀರಯ್ಯನಿಗೆ ಕಾರ್ಖಾನೆಯಲ್ಲಿ ಫಸ್ಟ್ ಶಿಫ್ಟ್. ಐದಕ್ಕೇ ಮನೆ ಬಿಡುತ್ತಿದ್ದ. ಹಾಗಾಗಿ ಪಕ್ಕದ ಮನೆಯ ದಾಕ್ಷಾಯಣಿ ಏಳೂವರೆಗೆ ಬಂದು ಸೂಜಿ ಚುಚ್ಚಿ, ಅವಳು ತಿಂಡಿ ತಿಂದ ಮೇಲೆಯೇ ಹೋಗುತ್ತಿದ್ದಳು. ಎರಡು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ.

ಒಂದು ದಿನ ಸೂಜಿ ತೆಗೆದವಳು ಅಲ್ಲೇ ಕುಳಿತಳು.

"ಅಕ್ಕಾ, ಇವ್ರಿಗೆ ಕುಣಿಗಲ್ಲಿಗೆ ಟ್ರಾನ್ಸ್‌ಫರ್ ಆಗೋಯ್ತು."

"ಒಳ್ಳೇದಾಯ್ತು ಬುಡು, ನಿಮ್ಮತ್ತೆ ಮನೆ ಹತ್ರ ಆಯ್ತು" ಎಂದಳು ಮಂಗಳಗೌರಿ. ದಾಕ್ಷಾಯಣಿ ಹೋದ ಮೇಲೆ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಚನ್ನವೀರಯ್ಯ ಶಿಫ್ಟ್ ಬದಲಿಸಲು ಕೇಳಿದ, ಆಗಲಿಲ್ಲ. ಕೊನೆಗೆ ತಾನೇ ಹೊರಡುವ ಮುಂಚೆ ಸಿರಿಂಜು ತುಂಬಿ, ತಟ್ಟೆಯಲ್ಲಿಟ್ಟು ಹೋಗತೊಡಗಿದ. ಅವಳು ತಡವಿ ತೊಡೆಗೆ ಚುಚ್ಚಿಕೊಳ್ಳುತ್ತಿದ್ದಳು. ಹತ್ತು ದಿನ ಹಾಗೇ ನಡೆಯಿತು.

ಹನ್ನೊಂದನೆಯ ದಿನ ಕೈ ತಗುಲಿ ತಟ್ಟೆ ಬಿತ್ತು. ಸಿರಿಂಜು ಉರುಳಿದ ಸದ್ದು ಕೇಳಿಸಿತು. ಮಂಗಳಗೌರಿ ಮಂಡಿಯೂರಿ ಇಡೀ ಕೋಣೆ ತಡವಿದಳು. ಕೈಗೆ ಸಿಗಲಿಲ್ಲ. ಬಾಗಿಲಿಗೆ ಬಂದು ನಿಂತಳು. ದಾಕ್ಷಾಯಣಿಯ ಮನೆಗೆ ಇನ್ನೂ ಬೀಗ. ಎದುರುಮನೆಗೆ ಹೊಸದಾಗಿ ಬಂದವರ ಪರಿಚಯವೇ ಇಲ್ಲ. ಸೂಜಿಯಿಲ್ಲದೆ ಉಣ್ಣಲು ಹೆದರಿ ಬರೀ ನೀರು ಕುಡಿದು ಕುಳಿತಳು.

ಮೂರು ಗಂಟೆಗೆ ಬಂದ ಗಂಡ ಮಂಚದ ಕೆಳಗೆ ಬಗ್ಗಿ ಸಿರಿಂಜು ತೆಗೆದ. ಸೂಜಿ ಬಾಗಿತ್ತು.

"ಯಾರ್ನಾದ್ರೂ ಕೂಗ್ಬಾರ್ದಾಗಿತ್ತೇನೇ?"

"ಯಾರಂತ ಕೂಗ್ಲಿ ರೀ? ಎದುರಿಗೆ ನಿಂತಿರೋರು ಗಂಡ್ಸೋ ಹೆಂಗ್ಸೋ ಗೊತ್ತಾಗಲ್ಲ ನಂಗೆ."

ಅವನು ಹೊಸ ಸಿರಿಂಜು ಬಿಚ್ಚಿದ. ಬಿಚ್ಚಿದವನು ಕೈ ತಡೆದ. ಬೆಳಗಿನದನ್ನು ಈ ಹೊತ್ತಿನಲ್ಲಿ, ಖಾಲಿ ಹೊಟ್ಟೆಗೆ, ಎಷ್ಟು ಕೊಡಬೇಕು?

"ಇಪ್ಪತ್ತೇ ಕೊಡ್ಲಾ?"

"ನಂಗೇನು ಗೊತ್ತು ರೀ."

ಸಕ್ಕರೆ ಕಾಯಿಲೆ ನೋಡುವ ಡಾಕ್ಟರ ಕ್ಲಿನಿಕ್ಕು ತೆರೆಯುವುದು ಐದಕ್ಕೆ. ಅವಳ ಬಾಯಿ ಒಣಗಿತ್ತು, ಕಾಲು ಸೋಲುತ್ತಿತ್ತು. ಅವನು ಅವಳಿಗೆ ಚಪ್ಪಲಿ ತೊಡಿಸಿ, ಕೈ ಹಿಡಿದು ನಡೆಸಿಕೊಂಡು ಹೋಗಿ, ಮುಚ್ಚಿದ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂರಿಸಿಕೊಂಡ.

"ಗಂಟೆ ಎಷ್ಟು?" ಎಂದಳು.

"ಮೂರೂವರೆ."