ನಾಲ್ಕು ಕುಣಿಕೆಯಷ್ಟು ಮೌನ

ಅಕ್ಕನ ಧ್ವನಿ ಊರಿಗೆಲ್ಲ ಗೊತ್ತಿತ್ತು. ಮುಖ ಗೊತ್ತಿದ್ದವರು ಕಡಿಮೆ. ಇಪ್ಪತ್ತೆಂಟು ವರ್ಷ ಅವಳು ರೈಲು ನಿಲ್ದಾಣದ ಮೇಲಂತಸ್ತಿನ ಗಾಜಿನ ಕೋಣೆಯಲ್ಲಿ ಕೂತು, ಯಾವ ಗಾಡಿ ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ಎಷ್ಟು ತಡ ಎಂದು ಮೈಕಿನಲ್ಲಿ ಹೇಳಿದವಳು. ತರಕಾರಿ ಅಂಗಡಿಯಲ್ಲಿ ಅವಳು ಬಾಯಿ ಬಿಟ್ಟರೆ ಸಾಕು, ಪಕ್ಕದಲ್ಲಿ ನಿಂತವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಮನೆಯವರು ಅವಳನ್ನು ಮೈಕಕ್ಕ ಎಂದೇ ಕರೆಯುತ್ತಿದ್ದದ್ದು.

ಆ ಮೈಕಕ್ಕನ ಬಾಯಿ ಕಟ್ಟಿಹೋಗಿ ನಾಲ್ಕು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವಳು ಲಕ್ವ ಹೊಡೆದು ಕುಸಿದು ಕೂತಳು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಬಲಗೈ ಬಲಗಾಲು ಅರ್ಧದಷ್ಟು ವಾಪಸಾಗಿದ್ದವು, ಮಾತು ಬರಲಿಲ್ಲ. ಹೇಳಿದ್ದೆಲ್ಲ ತಿಳಿಯುತ್ತಿತ್ತು, ನಗು ಬರುತ್ತಿತ್ತು, ಸಿಟ್ಟಂತೂ ಮೊದಲಿಗಿಂತ ಚೆನ್ನಾಗಿಯೇ ಬರುತ್ತಿತ್ತು. ಆದರೆ ನೀರು ಬೇಕೆಂದರೂ ‘ತಾ, ತಾ’ ಎನ್ನುವುದರ ಆಚೆಗೆ ನಾಲಿಗೆ ಹೊರಳುತ್ತಿರಲಿಲ್ಲ.

ತಂಗಿಗೆ ಎರಡು ಬೀದಿ ಆಚೆ ಬಟ್ಟೆ ರಿಪೇರಿಯ ಪುಟ್ಟ ಅಂಗಡಿ. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು, ದಪ್ಪಗಾದವರ ಕೋಟಿನ ಹೊಲಿಗೆ ಬಿಚ್ಚಿ ಅಗಲ ಮಾಡುವುದು. ಮಧ್ಯಾಹ್ನ ಒಂದಕ್ಕೆ ಅಂಗಡಿ ಮುಚ್ಚಿ ಅಕ್ಕನ ಮನೆಗೆ ಬಂದರೆ, ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದ ಅಕ್ಕನ ಮಗಳು ಆರಕ್ಕೆ ಬರುವತನಕ ಅಲ್ಲೇ. ಕೈ ಸುಮ್ಮನಿರಬಾರದೆಂದು ಹೆಣಿಗೆ. ಕೋಣೆ ಸುಮ್ಮನಿರಬಾರದೆಂದು ಫೋನಿನಲ್ಲಿ ಓದುವ ಪುಸ್ತಕ.

ಪುಸ್ತಕ ಹಾಕಿಕೊಟ್ಟವಳು ಅಕ್ಕನ ಮಗಳು. “ಎಲ್ಲ ಪುಕ್ಕಟೆ ಚಿಕ್ಕಮ್ಮ. ಜನ ತಮ್ಮ ತಮ್ಮ ಮನೇಲಿ ಕೂತು ಓದಿ ಇದ್ರಲ್ಲಿ ಹಾಕ್ತಾರೆ. ಯಾರು ಬೇಕಾದ್ರೂ ಕೇಳ್ಬಹುದು.”

“ಪುಕ್ಕಟೆ ಯಾಕೆ ಓದ್ತಾರೆ?”

“ನೀನು ಬೀದೀಲಿರೋ ಮಕ್ಕಳಿಗೆಲ್ಲ ಪುಕ್ಕಟೆ ಟೋಪಿ ಹೆಣೆದು ಕೊಡಲ್ವಾ? ಹಾಗೇ.”

ತಂಗಿ ಫೋನಿನಲ್ಲಿದ್ದ ಪುಸ್ತಕಗಳ ಪಟ್ಟಿ ತೆರೆದಳು.

ಆ ಪಟ್ಟಿಯಲ್ಲಿ ಬೆರಳಾಡಿಸುತ್ತ ಹೋದಾಗ ಒಂದು ಹೆಸರಿನ ಮೇಲೆ ಅವಳ ಬೆರಳು ನಿಂತುಬಿಟ್ಟಿತು. ದೋಣಿ ನಡೆಸುವ ಹುಡುಗಿಯ ಕಥೆ, ಪದ್ಯದಲ್ಲಿ. ಅಪ್ಪ ಹೇಳುತ್ತಿದ್ದದ್ದು! ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಸಂಜೆ ಅಂಗಡಿಯ ಬಾಗಿಲೆಳೆದ ಮೇಲೆ, ಗೋಡೆಯ ತುಂಬ ಟಿಕ್‌ಟಿಕ್ ಅನ್ನುವ ಗಡಿಯಾರಗಳ ನಡುವೆ ಇಬ್ಬರು ಹೆಣ್ಣುಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ದಿನಕ್ಕಿಷ್ಟು ಪದ್ಯ ರಾಗವಾಗಿ ಹೇಳುತ್ತಿದ್ದರು. ಒಂಬತ್ತನೆಯ ವಯಸ್ಸಿಗೆ ಅಕ್ಕನಿಗೆ ಇಡೀ ಕಥೆ ಬಾಯಿಪಾಠ. ತಂಗಿಗೆ ಒಂದು ಪದ್ಯವೂ ನೆಟ್ಟಗೆ ನಿಲ್ಲಲಿಲ್ಲ; ಕೇಳುವಾಗ ಮಾತ್ರ ಕಣ್ಣು ಮಿಟುಕಿಸದೆ ಕೂತಿರುತ್ತಿದ್ದಳು. “ಇವಳು ಬಾಯಿ, ಇವಳು ಕಿವಿ. ಕಿವಿ ಇಲ್ದೆ ಬಾಯಿಗೇನು ಕೆಲ್ಸ?” ಎಂದು ಅಪ್ಪ ಸಣ್ಣವಳನ್ನು ಸಮಾಧಾನ ಮಾಡುತ್ತಿದ್ದರು. ಅವರ ಪುಸ್ತಕದ ಹಾಳೆಗಳು ಅವರಿರುವಾಗಲೇ ಪುಡಿಪುಡಿಯಾಗಿದ್ದವು.

ಓದಿದವರು ಯಾರೋ ವಯಸ್ಸಾದ ಗಂಡಸು. ಹೆಸರಿನ ಜಾಗದಲ್ಲಿ ಒಂದಿಷ್ಟು ಅಂಕಿ ಬಿಟ್ಟರೆ ಏನೂ ಇರಲಿಲ್ಲ. ನಡುನಡುವೆ ಕೆಮ್ಮು, ಹಾಳೆ ಮಗುಚುವ ಸದ್ದು, ದೂರದಲ್ಲೆಲ್ಲೋ ಲೋಟ ಕೆಳಗಿಟ್ಟ ಸದ್ದು. ಆದರೆ ರಾಗ ಅಪ್ಪನದೇ ರಾಗ. ಮೊದಲ ಪದ್ಯ ಕೇಳಿದಾಗ ತಂಗಿ ಫೋನನ್ನು ಮಂಚದ ಮೇಲಿಟ್ಟು ಎದ್ದು ಹೋಗಿ ಕೈ ತೊಳೆದುಕೊಂಡು ಬಂದು ಕೂತಳು. ಎಂದೂ ಕಾಣದ ಯಾರೋ, ಯಾವುದೋ ಮನೆಯ ಮೇಜಿನ ಮುಂದೆ, ಕೇಳುವವರು ಇದ್ದಾರೋ ಇಲ್ಲವೋ ಗೊತ್ತಿಲ್ಲದೆ, ಅಪ್ಪನ ಧಾಟಿಯನ್ನು ಕಾಪಾಡಿ ಇಟ್ಟಿದ್ದಾರೆ! ಇದಕ್ಕೆ ಕೈಮುಗಿಯದೆ ಇನ್ನೇನಕ್ಕೆ ಮುಗಿಯುವುದು ಎನಿಸಿತು ಅವಳಿಗೆ.

ಅಕ್ಕ ದಿಂಬಿಗೊರಗಿ ಕೇಳುತ್ತಿದ್ದಳು. ಅವಳ ಕಣ್ಣು ಚಾವಣಿಯಲ್ಲಿತ್ತು.

ತಂಗಿ ಹೆಣೆಯುತ್ತಿದ್ದದ್ದು ಅಕ್ಕನ ಕಾಲಿಗೆಂದು ನೀಲಿ ಉಲ್ಲನ್ನಿನ ಹೊದಿಕೆ. ಹದಿನಾರು ಕುಣಿಕೆಗೊಂದರಂತೆ ಸಾಲಿಗೆ ಹತ್ತು ಕಣ್ಣು, ಅಂದರೆ ಬೇಕೆಂದೇ ಬಿಟ್ಟ ಸಣ್ಣ ತೂತುಗಳು. ಕಣ್ಣಿನ ಮೇಲೆ ಕಣ್ಣು ಕೂತು ಏಣಿಯ ಹಾಗೆ ಮೇಲೇರಬೇಕು. ಅವಳು ಎಣಿಸುತ್ತಿರಲಿಲ್ಲ. ಪದ್ಯಕ್ಕೆ ನಾಲ್ಕು ಸಾಲು, ಸಾಲಿಗೆ ನಾಲ್ಕು ಪೆಟ್ಟು, ಪೆಟ್ಟಿಗೊಂದು ಕುಣಿಕೆ. ಪದ್ಯ ಮುಗಿದಾಗ ಕಣ್ಣು ಬಿಟ್ಟರಾಯಿತು. ಅವಳಿಗೆ ಇನ್ನೊಂದು ನಿಯಮವೂ ಇತ್ತು: ತಪ್ಪು ಬಿದ್ದು ಹೆಣಿಗೆ ಬಿಚ್ಚಿದರೆ ಕಥೆಯನ್ನೂ ಅಷ್ಟೇ ಹಿಂದಕ್ಕೆ ತಂದು ಮತ್ತೆ ಕೇಳಿಕೊಂಡೇ ಹೆಣೆಯಬೇಕು. ಕೇಳದೆ ಹೆಣೆದ ಸಾಲು ಕಿವುಡಾಗಿರುತ್ತದೆ ಎಂದು ಅವಳ ನಂಬಿಕೆ. ಹಿಂದೆ ರೇಡಿಯೋ ಕಾಲದಲ್ಲಿ ಈ ನಂಬಿಕೆಯ ಮಾತು ಕೇಳಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. “ಸ್ವೆಟರ್‌ಗೆ ಕಿವಿ ಇರತ್ತೇನೇ ಪೆದ್ದಿ? ಹಾಗಾದ್ರೆ ಕಾಲುಚೀಲಕ್ಕೆ ವಾರ್ತೆ ಹಾಕು, ಲೋಕಜ್ಞಾನ ಬರ್ಲಿ!”

ಮಂಗಳವಾರ ಮಾತಿನ ಟೀಚರು ಬಂದರು. ವಾರಕ್ಕೆರಡು ದಿನ ಬಂದು ಮಾತು ಕಲಿಸುವ, ಮೂವತ್ತರ ಆಸುಪಾಸಿನ ಹೆಂಗಸು. ಚಿತ್ರದ ಕಾರ್ಡುಗಳನ್ನು ಒಂದೊಂದೇ ಎತ್ತಿ ಹಿಡಿದರು. ಲೋಟ. ಬೀಗ. ಛತ್ರಿ. ಅಕ್ಕನ ತುಟಿ ಅದುರಿತು, ಕುತ್ತಿಗೆಯ ನರ ಉಬ್ಬಿತು, ‘ತಾ’ ಬಂತು. ಕೊನೆಗೆ ಅಕ್ಕ ಎಡಗೈಯಲ್ಲಿ ಛತ್ರಿಯನ್ನು ಕಸಿದು ನೆಲಕ್ಕೆ ಎಸೆದಳು.

ಹೊರಡುವಾಗ ಟೀಚರು ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ ಹೇಳಿದರು. “ಸುಳ್ಳು ಭರವಸೆ ಕೊಡಲ್ಲಮ್ಮ. ಶುಕ್ರವಾರ ನಾನು ಆಸ್ಪತ್ರೆಗೆ ವರದಿ ಬರೀಬೇಕು. ಒಂದೇ ಒಂದು ಮಾತು ಬಂದಿದ್ರೂ ಪಾಠ ಮುಂದುವರಿಸಿ ಅಂತ ಬರೀತೀನಿ. ಇಲ್ಲಾಂದ್ರೆ ನಿಲ್ಲಿಸ್ತಾರೆ. ಚಿತ್ರದ ಹಲಗೆ ಒಂದು ಕೊಡ್ತಾರೆ, ಬೇಕಾದ್ದಕ್ಕೆ ಬೆರಳಿಟ್ಟು ತೋರಿಸೋದಕ್ಕೆ.”

“ಬರೀ ಬೆರಳಾ? ಕೊನೇವರೆಗೂ?”

ಟೀಚರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ತಂಗಿ ತಿರುಗಿ ನೋಡಿದರೆ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು. ರೈಲಿನ ಗದ್ದಲದಲ್ಲೂ ಕೇಳಿಸಿಕೊಂಡ ಕಿವಿಗಳವು.

ಬುಧವಾರ ಕಥೆ ಮುಂದುವರಿಯಿತು. ಹೆಣಿಗೆಯ ಸಾಲಿನಲ್ಲಿ ಏಳನೆಯ ಕಣ್ಣು ನಾಲ್ಕು ಕುಣಿಕೆ ಮೊದಲೇ ಬಿದ್ದಿತ್ತು. ಏಣಿಯ ಮೆಟ್ಟಿಲು ಪಕ್ಕಕ್ಕೆ ಜಾರಿದಂತೆ. “ಕೈಗೆ ವಯಸ್ಸಾಯ್ತು ಕಣೇ ಅಕ್ಕ,” ಎಂದು ತಂಗಿ ಸಾಲು ಬಿಚ್ಚಿದಳು, ಕಥೆಯನ್ನು ಹಿಂದಕ್ಕೆ ತಂದಳು. ಮತ್ತೆ ಅಲ್ಲೇ, ಅದೇ ಏಳನೆಯದು, ಅದೇ ನಾಲ್ಕು ಕುಣಿಕೆ. ಮತ್ತೆ ಬಿಚ್ಚಿದಳು. ಅಕ್ಕ ಗೋಡೆಯ ಕಡೆಯಿಂದ ಇತ್ತ ಹೊರಳಿ, ಎಡಗೈಯನ್ನು ಗಾಳಿಯಲ್ಲಿ ಬೀಸಿದಳು: ನಿನ್ನ ಹುಚ್ಚು ಇನ್ನೂ ಬಿಟ್ಟಿಲ್ಲವಾ ಎಂಬಂತೆ.

ಗುರುವಾರ ಮೂರನೆಯ ಸಲ ಹೆಣೆಯಲು ಕೂತಾಗ ತಂಗಿ ಕಣ್ಣು ಮುಚ್ಚಿ ಬೆರಳಿಗೆ ಮಾತ್ರ ಗಮನ ಕೊಟ್ಟಳು. ಫೋನಿನ ಮುದುಕ ಹೇಳಿದ:

ಹೊಳೆಯಾಚೆಯ ದಡ ಕಾಣದ ಕತ್ತಲೆ
ಬಳಿಯಲಿ ಯಾರೂ ಇಲ್ಲದ ಹೊತ್ತು

ಹಾಳೆ ಮಗುಚಿದ ಸದ್ದು. ಒಂದು ಕೆಮ್ಮು.

ಬೆಳಗಿನ ಕಡೆಗೇ ಕಣ್ಣನು ನೆಟ್ಟು

ಮುಂದೆ ಬೇರೆಯೇ ಪದ್ಯ. ತಂಗಿ ಕಣ್ಣು ತೆರೆದಳು. ಹನ್ನೆರಡು ಕುಣಿಕೆ. ಅವಳ ಕೈ ತಪ್ಪಿರಲೇ ಇಲ್ಲ. ಹಾಳೆ ಮಗುಚುವಾಗ ಓದಿದವರ ಕಣ್ಣು ಒಂದು ಸಾಲು ಹಾರಿತ್ತು. ಪದ್ಯದಲ್ಲಿ ಕತ್ತಲೆ ಇತ್ತು, ಹೊಳೆ ಇತ್ತು, ಬೆಳಗಿನ ಕಡೆ ನೆಟ್ಟ ಕಣ್ಣಿತ್ತು. ಯಾರ ಕಣ್ಣು ಎಂಬುದೇ ಇರಲಿಲ್ಲ. ಕಥೆಯ ಹುಡುಗಿಯೇ ಹಾಳೆಗಳ ಸಂದಿಯಲ್ಲಿ ಬಿದ್ದುಹೋಗಿದ್ದಳು.

ಅಲ್ಲೇನಿತ್ತು? ತಂಗಿ ತಲೆ ಕೆದಕಿದಳು. ಅಪ್ಪನ ಕನ್ನಡಕ ನೆನಪಾಯಿತು, ಗಡಿಯಾರದ ಎಣ್ಣೆಯ ವಾಸನೆ ನೆನಪಾಯಿತು, ಸಾಲು ನೆನಪಾಗಲಿಲ್ಲ. ಆ ಸಾಲು ಗೊತ್ತಿದ್ದ ಒಂದೇ ಜೀವ ಎರಡು ಮಾರು ದೂರದಲ್ಲಿ ಮಲಗಿತ್ತು, ಲೋಟಕ್ಕೆ ಲೋಟ ಎನ್ನಲಾಗದೆ.

ಅವಳು ಸಾಲು ಬಿಚ್ಚಿದಳು. ಕಥೆಯನ್ನು ಹಿಂದಕ್ಕೆ ತಂದಳು. ಈ ಸಲ ಆ ಪದ್ಯದ ಎರಡನೆಯ ಸಾಲು ಮುಗಿಯುತ್ತಲೇ ಫೋನು ನಿಲ್ಲಿಸಿದಳು. ಏನೋ ಉಪಾಯ ಹೂಡಿದ್ದಳೆಂದಲ್ಲ. ಕಣ್ಣು ಸರಿಯಾದ ಜಾಗಕ್ಕೆ ಬೀಳಬೇಕಾದರೆ ನಾಲ್ಕು ಕುಣಿಕೆ ಸುಮ್ಮನೆ ಹೆಣೆಯಲೇಬೇಕಿತ್ತು. ಪದ್ಯದ ನಡಿಗೆ ಬಿಡಬಾರದೆಂದು ಅದೇ ಲಯದಲ್ಲಿ ಹೆಣೆದಳು. ಕಡ್ಡಿಗೆ ಕಡ್ಡಿ ತಾಗಿತು. ಟಿಕ್.

“ಅಳುಕದೆ,” ಎಂದಿತು ಕೋಣೆ.

ಕೈ ನಿಂತರೆ ಅದೂ ನಿಂತೀತೆಂದು ಹೆದರಿ ತಂಗಿ ತಲೆ ಎತ್ತಲೇ ಇಲ್ಲ. ಟಿಕ್.

“ಹುಟ್ಟನು.” ಟಿಕ್. “ಹಿಡಿದಳು.” ಟಿಕ್. “ಹುಡುಗಿ.”

ಒಡೆದ ದನಿ, ತುಕ್ಕು ಹಿಡಿದ ದನಿ. ಆದರೆ ಒಂದಕ್ಷರ ಜಾರಿರಲಿಲ್ಲ, ರಾಗ ಕದಲಿರಲಿಲ್ಲ. ಅಪ್ಪ ಉಸಿರೆಳೆಯುತ್ತಿದ್ದ ಜಾಗದಲ್ಲೇ ಉಸಿರು. ತಂಗಿ ಮೆಲ್ಲನೆ ತಿರುಗಿದಳು. ಅಕ್ಕ ಎಡಗೈಯಿಂದ ಬಾಯಿ ಮುಚ್ಚಿಕೊಂಡು, ಕಳ್ಳತನ ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ನೋಡುತ್ತಿದ್ದಳು. ಕಿಟಕಿಯಾಚೆ ಬಸ್ಸೊಂದು ನಿಂತು ಹೊರಟಿತು. ಇಬ್ಬರೂ ಉಸಿರಾಡಲು ಹೆದರಿ ಕೂತಿದ್ದರು, ದೊಡ್ಡವರು ಯಾರೋ ಒಳಗೆ ಬಂದು ನಿಂತ ಹಾಗೆ. ಅರವತ್ತು ವರ್ಷದ ಹಿಂದೆ ಒಳಗಿಟ್ಟದ್ದು, ಇಷ್ಟೆಲ್ಲ ಕುಸಿದ ಮೇಲೂ, ಇಟ್ಟ ಜಾಗದಲ್ಲೇ ಇತ್ತು.

“ಅಕ್ಕಾ, ನೀರು ಅನ್ನೇ,” ಎಂದಳು ತಂಗಿ.

“ತಾ,” ಎಂದಳು ಅಕ್ಕ. ಇಬ್ಬರಿಗೂ ಅಳು ಬಂತು, ಅದರ ಮಧ್ಯೆ ನಗುವೂ ಬಂತು.

ಶುಕ್ರವಾರ ಟೀಚರು ವರದಿಯ ಕಾಗದ ಹಿಡಿದೇ ಬಂದರು. ಲೋಟ ತೋರಿಸಿದರು, ‘ತಾ’. ಬೀಗ, ‘ತಾ’. ಅವರು ಪೆನ್ನಿನ ಮುಚ್ಚಳ ತೆಗೆದರು.

“ಒಂದ್ನಿಮಿಷ ಮೇಡಂ,” ಎಂದಳು ತಂಗಿ. “ನನ್ನ ಹೆಣಿಗೆ ಸ್ವಲ್ಪ ನೋಡಿ.”

“ಹೆಣಿಗೇನಾ?” ಟೀಚರು ಗಡಿಯಾರ ನೋಡಿಕೊಂಡರು. “ಅಮ್ಮ, ನನಗಿನ್ನೂ ಎರಡು ಮನೆ ಇದೆ.”

“ಎರಡು ಸಾಲು ಕೇಳಿ. ಆಮೇಲೆ ಏನು ಬೇಕಾದ್ರೂ ಬರ್ಕೊಳ್ಳಿ.”

ಮುದುಕ ಹೇಳಿದ: ಹೊಳೆಯಾಚೆಯ ದಡ. ಬಳಿಯಲಿ ಯಾರೂ. ತಂಗಿ ಫೋನು ನಿಲ್ಲಿಸಿ ಕಡ್ಡಿ ಎತ್ತಿಕೊಂಡಳು. ನಿನ್ನೆ ಬಂದದ್ದು ಇವತ್ತೂ ಬರಬೇಕೆಂಬ ಕರಾರೇನೂ ಇರಲಿಲ್ಲ. ಅಪ್ಪಾ, ಎಂದುಕೊಂಡಳು. ಟಿಕ್.

ಏನೂ ಬರಲಿಲ್ಲ.

ಟಿಕ್. ಅಕ್ಕನ ತುಟಿ ಒಣಗಿತ್ತು. ಕಣ್ಣು ಪೆನ್ನಿನ ಮೇಲಿತ್ತು. ಮೂರನೆಯ ಕುಣಿಕೆ ಎತ್ತುವಾಗ ತಂಗಿಯ ಬೆವೆತ ಬೆರಳು ಜಾರಿ, ಕುಣಿಕೆ ಕಡ್ಡಿಯಿಂದ ಕಳಚಿ, ಕೆಳಗಿನ ಸಾಲುಗಳಿಗೆ ಇಳಿಯತೊಡಗಿತು. ಅವಳು ಅದನ್ನು ಹಿಡಿಯಲೂ ಹೋಗದೆ ಕಣ್ಣು ಮುಚ್ಚಿಕೊಂಡಳು.

ಆಗ ಮಂಚದ ಅಂಚಿನ ಮೇಲೆ ಟಪ್ ಎಂದು ಸದ್ದಾಯಿತು. ಅಕ್ಕ ಎಡಗೈಯ ಉಂಗುರದಿಂದ ಕಬ್ಬಿಣದ ಪಟ್ಟಿಗೆ ಬಡಿದಿದ್ದಳು. ಇನ್ನೊಮ್ಮೆ ಬಡಿದು, ಅಪ್ಪನ ರಾಗದಲ್ಲೇ, ಯಾವ ಪುಸ್ತಕದಲ್ಲೂ ಇಲ್ಲದ ಸಾಲೊಂದನ್ನು ಹೇಳಿದಳು:

“ಬಿದ್ದಿತು… ಕುಣಿಕೆ… ನೋಡೇ… ತಂಗಿ.”

ಟೀಚರ ಕೈಯಿಂದ ಕಾರ್ಡುಗಳು ಮಡಿಲಿಗೆ ಚೆಲ್ಲಿದವು. “ಇದು… ಇದು ಕವಿತೇಲಿ ಇದೆಯಾ?”

“ಇಲ್ಲ ಮೇಡಂ,” ಎಂದಳು ತಂಗಿ. “ಇದು ನನಗೆ ಬೈದಿದ್ದು.”

ಟೀಚರು ಕುರ್ಚಿಯಿಂದ ಜಾರಿ ಮಂಚದ ಪಕ್ಕ ನೆಲದ ಮೇಲೆ ಕೂತರು. “ಓದಿದ್ದೆ. ಮಾತು ಹೋದೋರಲ್ಲೂ ಕೆಲವರಿಗೆ ಹಾಡು, ಪದ್ಯ ಉಳಿದಿರತ್ತೆ, ಆ ದಾರೀಲಿ ಮಾತೂ ಬರಬಹುದು ಅಂತ. ಕಣ್ಣಾರೆ ಕಂಡಿರ್ಲಿಲ್ಲ.” ಅವರು ಅಕ್ಕನ ಕೈ ಹಿಡಿದು, ಮಂಚದ ಪಟ್ಟಿಗೆ ತಾವೂ ಮೆಲ್ಲನೆ ನಾಲ್ಕು ಪೆಟ್ಟು ಬಡಿದು ನೋಡಿದರು. ವರದಿಯಲ್ಲಿ ಒಂದು ಸಾಲಿನ ಜಾಗದಲ್ಲಿ ಅರ್ಧ ಪುಟ ಬರೆದರು. ಹೊರಡುವಾಗ ಚಿತ್ರದ ಕಾರ್ಡುಗಳನ್ನು ಚೀಲದ ತಳಕ್ಕೆ ಹಾಕಿ, “ಮಂಗಳವಾರ ಬರ್ತೀನಿ. ಆ ಕಡ್ಡಿ, ಉಲ್ಲನ್ ಎಲ್ಲ ಹಾಗೇ ಇರ್ಲಿ,” ಎಂದರು.

ಬಾಗಿಲು ಮುಚ್ಚಿ ಬಂದ ತಂಗಿ ಹೆಣಿಗೆ ಎತ್ತಿ ನೋಡಿದಳು. ಜಾರಿದ ಕುಣಿಕೆ ಐದು ಸಾಲು ಕೆಳಗಿಳಿದಿತ್ತು. ಸೂಜಿ ಹಾಕಿ ಎತ್ತಿ ಸರಿಮಾಡಬಹುದಿತ್ತು. ಹತ್ತು ನಿಮಿಷದ ಕೆಲಸ. ಅವಳು ಅಕ್ಕನ ಮುಖ ನೋಡಿದಳು. ಅಕ್ಕ ತಲೆಯನ್ನು ಅತ್ತಿತ್ತ ಆಡಿಸಿದಳು: ಅದೆಲ್ಲ ಆಗದು, ನಿಯಮ ಅಂದರೆ ನಿಯಮ.

ತಂಗಿ ಕಡ್ಡಿ ಎಳೆದು ಐದೂ ಸಾಲು ಬಿಚ್ಚಿದಳು. ಸುರುಳಿ ಸುರುಳಿಯಾಗಿ ಮಡಿಲು ತುಂಬಿದ ನೀಲಿ ಎಳೆಯನ್ನು ಉಂಡೆಗೆ ಸುತ್ತಿದಳು, ಎದ್ದು ಹೋಗಿ ಕೈ ತೊಳೆದು ಬಂದಳು, ಕಥೆಯನ್ನು ಐವತ್ತು ಪದ್ಯ ಹಿಂದಕ್ಕೆ ತಂದಳು. ಮುದುಕ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಅಕ್ಕ ದಿಂಬಿನಿಂದ ಬೆನ್ನೆತ್ತಿ ನೆಟ್ಟಗೆ ಕೂತು, ಮೈಕಿನ ಮುಂದೆ ಕೂರುತ್ತಿದ್ದ ಹಾಗೆ ಗದ್ದವೆತ್ತಿ, ಉಂಗುರದ ಬೆರಳನ್ನು ಮಂಚದ ಪಟ್ಟಿಯ ಮೇಲೆ ಇಟ್ಟುಕೊಂಡಳು.