ಅಂಗಠಾ ಹಿಡಿದ ಅವ್ವಂದಿರು

ಯಲ್ಲಾರಿಯ ಬಲಗೈ ಮುರಿದದ್ದು ಶಾಲೆಯ ಅಂಗಳದಲ್ಲಿ. ಸಾವಿರದ ಒಂಬೈನೂರಾ ಮೂವತ್ನಾಲ್ಕರ ಮಾತು. ಕೌಜಲಗಿಯ ಆಚೆ ಎರಡು ಹರದಾರಿ ದೂರದ ಆ ಊರಿನ ಶಾಲೆಗೆ ಪರಸಪ್ಪ ಮಾಸ್ತರರೊಬ್ಬರೇ. ಬಾಯಿಪಾಠ ಒಪ್ಪಿಸದವರಿಗೆ ಅವರು ಅಂಗಠಾ ಹಿಡಿಸುತ್ತಿದ್ದರು. ಹುಡುಗ ಬಿಸಿಲಲ್ಲಿ ಬಾಗಿ ನಿಂತು ಎರಡೂ ಕಾಲಿನ ಹೆಬ್ಬೆರಳು ಹಿಡಿದುಕೊಳ್ಳಬೇಕು, ಬೆನ್ನ ಮೇಲೊಂದು ಕಲ್ಲು. ಕಲ್ಲು ಜಾರಿದರೆ ಛಡಿಯೇಟು. ಒಂಬತ್ತು ವರ್ಷದ ಯಲ್ಲಾರಿ ತಲೆ ಸುತ್ತಿ ಮುಂದಕ್ಕೆ ಉರುಳಿದ, ಕೈ ಮೈಯಡಿಗೆ ಸಿಕ್ಕಿತು.

ಸುದ್ದಿ ಬಂದಾಗ ಅವನ ಅಜ್ಜಿ ಕೆಂಪವ್ವ ಕಟ್ಟೆಯ ಮೇಲೆ ಕುಳಿತು ಕಂಬಳಿಗೆ ಉಣ್ಣೆ ನೂಲುತ್ತಿದ್ದಳು. ಹಾಗೇ ಎದ್ದು ಶಾಲೆಗೆ ಹೋದಳು.

"ಮಾಸ್ತರ್ರ, ಕೂಸಿನ ಕೈ ಮುರದೈತ್ರಿ."

"ಶಾಣ್ಯಾ ಆಗ್ಲಿ ಅಂತ ಮಾಡೇನಿ ಕೆಂಪವ್ವಾ. ನನಗೇನ ಅವನ ಮ್ಯಾಲ ಸಿಟ್ಟೈತೇನ?"

"ಕೈನ ಇಲ್ಲಂದ್ರ ಬರಿಯೂದ ಹೆಂಗ್ರಿ?"

ಮಾಸ್ತರರು ಗಂಭೀರವಾಗಿ ಯೋಚಿಸಿದರು. "ಕೈ ಕೂಡೂಮಟ ಎಡಗೈಲೆ ರೂಢಿ ಮಾಡ್ಕೊಳ್ಲಿ" ಎಂದರು. ಚೇಷ್ಟೆಗೆ ಹೇಳಿದ ಮಾತಾಗಿದ್ದರೆ ಕೆಂಪವ್ವ ಬೈದು ಬರುತ್ತಿದ್ದಳು. ಅದು ಉಪಕಾರದ ಮಾತಾಗಿತ್ತು, ಮೊಮ್ಮಗನನ್ನು ಕರೆದುಕೊಂಡು ಮನೆಗೆ ಬಂದಳು.

ಮರುದಿನದಿಂದ ಮನೆ ಮನೆ ತಿರುಗಿದಳು. ಎಲ್ಲರ ಮನೆಯಲ್ಲೂ ಮಕ್ಕಳ ಅಂಗಿ ಎತ್ತಿ ಬಾಸುಂಡೆ ತೋರಿಸಿದರು, ಎಲ್ಲರೂ ಮಾಸ್ತರರಿಗೆ ಶಾಪ ಹಾಕಿದರು. ಮೇಲಿನ ಕಚೇರಿಗೆ ಅರ್ಜಿ ಕೊಡೋಣ ಎಂದ ಕೂಡಲೇ, "ಖರೆ ಐತಿ ಯಕ್ಕಾ, ಆದ್ರ ಮೊದಲ ನಮ್ಮ ಹೆಸರ ಬ್ಯಾಡ" ಎಂದರು. ಹಾಗಾದರೆ ಎರಡನೆಯ ಹೆಸರು ಯಾರದು? ಎರಡನೆಯದೂ ಬೇಡ. ಕಿರಾಣಿ ಅಂಗಡಿಯ ಅಣ್ಣಪ್ಪನ ಮಗನೂ ಅದೇ ಶಾಲೆಯವನು. ಅಣ್ಣಪ್ಪ ಚೆಂದ ಅಕ್ಷರದಲ್ಲಿ ಅರ್ಜಿ ಬರೆದುಕೊಟ್ಟ, ಸಹಿ ಮಾತ್ರ ಮಾಡಲಿಲ್ಲ.

"ಬರಿಯೂದ ನಂದು, ಹೆಬ್ಬಟ್ಟ ಒತ್ತೂದ ನಿಮ್ದು" ಎಂದ.

ಮೂರು ವಾರ ಅಲೆದ ಮೇಲೆ ಏಳು ಹೆಬ್ಬೆಟ್ಟುಗಳಾದವು. ಅರ್ಜಿ ಟಪಾಲಿಗೆ ಹೋಯಿತು. ಇದು ಈ ಕಚೇರಿಗೆ ಸಂಬಂಧಿಸಿದ್ದಲ್ಲ ಎಂದು ತಿರುಗಿ ಬಂತು. ಇನ್ನೊಂದು ಕಚೇರಿಗೆ ಕಳಿಸಿದರು. ಎರಡು ತಿಂಗಳ ಮೇಲೆ ಅಲ್ಲಿಂದ ಉತ್ತರ ಬಂತು: ಶಾಲೆಯ ಮೇಲಿನ ತಕರಾರು ಶಾಲೆಯ ಮಾಸ್ತರರ ಮುಖಾಂತರವೇ ಬರತಕ್ಕದ್ದು. ಅರ್ಜಿಯ ನಕಲನ್ನು ಅಭಿಪ್ರಾಯಕ್ಕಾಗಿ ಮಾಸ್ತರರಿಗೇ ಕಳಿಸಿದ್ದರು.

ಅಣ್ಣಪ್ಪ ಅದನ್ನು ಓದಿ ಹೇಳಿದಾಗ ಕೆಂಪವ್ವ, "ಇನ್ನೊಮ್ಮೆ ಓದ್ರಿ" ಎಂದಳು. ಎರಡನೆಯ ಸಲವೂ ಅದೇ ಇತ್ತು.

"ಸುಮ್ಮ ಕುಂದ್ರ ಅಂತ ಹೇಳಿದ್ನಿಲ್ಲ?" ಎಂದ ಅವಳ ಗಂಡ ಮಾಳಪ್ಪ.

"ನೀವೆಲ್ಲಾ ಸುಮ್ಮ ಕುಂತಿದ್ದಕ್ಕ ಇಷ್ಟಾಗೈತಿ" ಎಂದಳು.

ಮರುದಿನ ಹೊತ್ತೇರಿದ ಮೇಲೆ ಬಾಜೂ ಮನೆಯ ಬಾಳವ್ವ ಏದುಸಿರು ಬಿಡುತ್ತ ಬಂದಳು. ಮಾಸ್ತರರು ಅರ್ಜಿಯನ್ನು ಮಕ್ಕಳೆದುರು ಓದಿ, ಹೆಬ್ಬೆಟ್ಟು ಒತ್ತಿದ ಏಳೂ ಮನೆಯ ಹುಡುಗರನ್ನು ಅಂಗಳಕ್ಕೆ ಕರೆದಿದ್ದರು. ಇಬ್ಬರೂ ಓಡಿದರು. ಏಳು ಹುಡುಗರು ಸಾಲಾಗಿ ಬಾಗಿದ್ದರು. ಕೈ ಇನ್ನೂ ನೆಟ್ಟಗಾಗದ ಯಲ್ಲಾರಿ ಎಡಗೈಯಿಂದ ಒಂದೇ ಹೆಬ್ಬೆರಳು ಹಿಡಿದಿದ್ದ. ಮಾಸ್ತರರು ಅಷ್ಟಕ್ಕೆ ರಿಯಾಯಿತಿ ಕೊಟ್ಟಿದ್ದರು.

ಕೆಂಪವ್ವನಿಗೆ ಕೂಗಬೇಕೆನಿಸಿತು. ಕೂಗಿ ಕೂಗಿ ಸಾಕಾಗಿತ್ತು. ಸೀರೆಯ ಕಚ್ಚೆ ಬಿಗಿ ಮಾಡಿಕೊಂಡು ಮೊಮ್ಮಗನ ಪಕ್ಕದಲ್ಲಿ ಬಾಗಿ ಹೆಬ್ಬೆರಳು ಹಿಡಿದಳು.

"ಬಾಳವ್ವಾ, ನನ್ನ ಬೆನ್ನಮ್ಯಾಲ ಒಂದ ಕಲ್ಲ ಇಡ."

"ಯವ್ವಾ! ಏನ ಮಾಡಾಕತ್ತಿ?"

"ಇಡ ಅಂದ್ನಿ."

ಬಾಳವ್ವ ಇಟ್ಟಳು. ತನ್ನ ಮಗನ ಮೋರೆ ನೋಡಿದಳು. ಆಮೇಲೆ ತಾನೂ ಬಾಗಿದಳು. ನೀರಿಗೆ ಹೊರಟಿದ್ದ ಮೂವರು ಹೆಂಗಸರು ಕೊಡ ಇಳಿಸಿ ಬಂದು ಬಾಗಿದರು.

ಮಾಸ್ತರರು ಛಡಿ ಹಿಡಿದು ಹೊರಗೆ ಬಂದರು. "ಏನ ಸೋಗ ಇದು? ಏಳ್ರಿ!"

"ನಮಗೂ ಬಾಯಿಪಾಠ ಬರೂದಿಲ್ರಿ ಮಾಸ್ತರ್ರ" ಎಂದಳು ಕೆಂಪವ್ವ, ಬಾಗಿದಲ್ಲಿಂದಲೇ.

ಗೋಕಾಕ ಸಂತೆಗೆ ಹೊರಟ ಬಂಡಿಗಳು ರಸ್ತೆಯಲ್ಲಿ ನಿಂತವು. ಗಂಡಸರು ಓಡಿ ಬಂದರು. "ಮಾನಾ ಹೋತು, ಏಳs" ಎಂದು ಮಾಳಪ್ಪ ಹಲ್ಲು ಕಚ್ಚಿದ. ಹುಡುಗರು ಎದ್ದ ಮೇಲೆ ಏಳುತ್ತೇನೆ ಎಂದಳು. ಸೊಂಟ ಸಿಡಿಯುತ್ತಿತ್ತು, ಕಣ್ಣಿಗೆ ಬೆವರು ಇಳಿಯುತ್ತಿತ್ತು. ಇದನ್ನು ಈ ಕೂಸುಗಳು ತಾಸುಗಟ್ಟಲೆ ಮಾಡಿವೆ ಎಂಬುದು ಆಗ ಅವಳಿಗೆ ಮೈಗೇ ತಿಳಿಯಿತು. ಕೊನೆಗೆ ಮಾಸ್ತರರ ದನಿ ಇಳಿಯಿತು. "ಏಳ್ರಿ ಅವ್ವಾರ... ಏ ಹುಡುಗ್ರ್ಯಾ, ಒಳಗ ನಡೀರಿ."

ಅರ್ಜಿಯಿಂದ ಆಗದ್ದು ಬಂಡಿಯವರ ಬಾಯಿಯಿಂದ ಆಯಿತು. ಸುದ್ದಿ ಗೋಕಾಕ ಮುಟ್ಟಿ, ಎಂಟೇ ದಿನದಲ್ಲಿ ಶಾಲಾ ಖಾತೆಯ ಸಾಹೇಬರೊಬ್ಬರು ವಿಚಾರಣೆಗೆ ಬಂದರು. ಊರ ಗಂಡಸರೆಲ್ಲ ತಲೆಗೆ ಪಟಗ ಸುತ್ತಿಕೊಂಡು ಮುಂದೆ ಕುಳಿತರು. ಯಾರದಾದರೂ ತಕರಾರು ಇದೆಯೇ ಎಂದು ಸಾಹೇಬರು ಕೇಳಿದರು.

"ಮಾಸ್ತರ್ರು ಭಾಳ ಚಲೋ ಅದಾರ್ರಿ" ಎಂದ ಅಣ್ಣಪ್ಪ. ಉಳಿದವರು ತಲೆಯಾಡಿಸಿದರು.

ಹಿಂದೆ ಹೆಂಗಸರ ನಡುವೆ ಇದ್ದ ಕೆಂಪವ್ವನಿಗೆ ತಲೆ ಗೋಡೆಗೆ ಚಚ್ಚಿಕೊಳ್ಳಬೇಕೆನಿಸಿತು. ಯಲ್ಲಾರಿಯನ್ನು ಎಳೆದುಕೊಂಡು, ಗಂಡಸರನ್ನು ಸರಿಸುತ್ತ ಮುಂದೆ ಹೋಗಿ ಅವನ ಸೊಟ್ಟ ಕೈಯನ್ನು ಸಾಹೇಬರ ಕಾಗದಗಳ ಮೇಲೆ ಇಟ್ಟಳು. ಸಾಹೇಬರು ಅದನ್ನು ಎತ್ತಿ ತಿರುಗಿಸಿ ನೋಡಿದರು.

"ಆದ್ರೂ ಹೆಣ್ಣಮಕ್ಕಳು ಸಾಲ್ಯಾಗ ಹಂಗ ಬಾಗೂದು ಸರಿಯಲ್ಲ" ಎಂದರು.

"ಕೂಸುಗೋಳು ಬಾಗೂದು ಸರಿ ಏನ್ರಿ?"

ಅವರು ಅದನ್ನೂ ಬರೆದುಕೊಂಡರು. ತಿಂಗಳ ಮೇಲೆ ಹುಕುಂ ಬಂತು. ಬೆನ್ನ ಮೇಲೆ ಕಲ್ಲು ಇಡಕೂಡದು, ಬಿಸಿಲಿಗೆ ನಿಲ್ಲಿಸಕೂಡದು. ಛಡಿ ಅಂಗೈಗೆ ಮಾತ್ರ. ಹೆಂಗಸರು ಮಾಸ್ತರರ ಅಪ್ಪಣೆಯಿಲ್ಲದೆ ಶಾಲೆಯ ಅಂಗಳಕ್ಕೆ ಕಾಲಿಡಕೂಡದು. ಗೆದ್ದೆವೆಂದು ಬಾಳವ್ವ ಸಕ್ಕರೆ ಹಂಚಿದಳು. ಕೆಂಪವ್ವ ಬಾಯಿಗೆ ಹಾಕಿಕೊಂಡಳು, ಆದರೆ ಮುಖ ಸಡಿಲಾಗಲಿಲ್ಲ.

ಯಲ್ಲಾರಿ ಸೊಟ್ಟ ಕೈಯಲ್ಲೇ ಪಾಟಿಯ ಮೇಲೆ ಬರೆಯಲು ಕಲಿತ.

ಸುಗ್ಗಿ ಮುಗಿದ ಮೇಲೆ ಒಂದು ದಿನ ಪಕ್ಕದೂರಿನಿಂದ ನಾಲ್ವರು ಹೆಂಗಸರು ಬಂದರು. ಅಲ್ಲಿಯ ಮಾಸ್ತರರು ಪರಸಪ್ಪ ಮಾಸ್ತರರಿಗಿಂತಲೂ ಕಠೋರರಂತೆ. ಕೆಂಪವ್ವ ಬಂದು ತಮ್ಮ ಶಾಲೆಯಲ್ಲೂ ಒಂದು ದಿನ ಬಾಗಬೇಕಂತೆ.

"ನಿಮ್ಮೂರ ಹೆಂಗಸರಿಗೆ ಸೊಂಟ ಇಲ್ಲೇನ?" ಎಂದು ಕೆಂಪವ್ವ ರೇಗಿದಳು. ಆ ನಾಲ್ವರೂ ಹೋಗದೆ ಕಟ್ಟೆಯ ಮೇಲೆ ಕುಳಿತರು. ಅವಳು ಒಳಗಿನಿಂದ ನಾಲ್ಕು ಬಟ್ಟಲು ಮಜ್ಜಿಗೆ ತಂದಿಟ್ಟು, ಎದುರಿಗೆ ಕುಳಿತಳು.

"ಕುಡೀರಿ. ಮುಂಜಾನೆ ಹೊಟ್ಟಿ ತುಂಬ ಉಂಡ ಹೋಗಬ್ಯಾಡ್ರಿ, ಬಾಗಾಕ ಆಗೂದಿಲ್ಲ" ಎಂದು ಹೇಳತೊಡಗಿದಳು.